ಹೆಸರು ಉಳಿದಿದೆ, ಹಕ್ಕಿ ಎಲ್ಲಿ?

ಇಂಗ್ಲಿಷಿನಲ್ಲಿ ಫೆಸೆಂಟ್ ಎಂದು ಕರೆಯುವ ಹಕ್ಕಿಗಳ ಬಳಗಕ್ಕೆ ಕನ್ನಡದಲ್ಲಿ ಒಂದೇ ಮಾತಿನ ಹೆಸರಿಲ್ಲ. ಹಾಗೆಂದು ಆ ಬಳಗ ನಮಗೆ ಅಪರಿಚಿತವೇನೂ ಅಲ್ಲ. ನಮ್ಮ ನವಿಲು ಅದೇ ಕುಟುಂಬಕ್ಕೆ ಸೇರಿದ್ದು. ನಸುಕಿನ ಹೊತ್ತು ಮಲೆನಾಡಿನ ಬಿದಿರುಮೆಳೆಗಳ ನಡುವಿನಿಂದ ಕೂಗುವ ಕಾಡುಕೋಳಿಯೂ ಅದಕ್ಕೇ ಸೇರಿದ್ದು. ಫೆಸೆಂಟ್ ಎಂಬ ಪದದ ಮೂಲ, ಇಂದಿನ ಜಾರ್ಜಿಯಾದಲ್ಲಿ ಹರಿದು ಕಪ್ಪು ಸಮುದ್ರ ಸೇರುವ ಫಾಸಿಸ್ ನದಿಯ ಹೆಸರಿನಲ್ಲಿದೆ. ಆದರೆ ಈ ಕುಲದ ನಿಜವಾದ ವೈಭವವಿರುವುದು ಏಷ್ಯಾದ ಕಾಡುಗಳಲ್ಲಿ.

ಈ ಹಕ್ಕಿಗಳ ವೈಜ್ಞಾನಿಕ ಹೆಸರುಗಳನ್ನು ಬಿಡಿಸಿ ನೋಡಿದರೆ ಒಂದು ಕಾಲದ ಚರಿತ್ರೆಯೇ ತೆರೆದುಕೊಳ್ಳುತ್ತದೆ. ನಮ್ಮ ಬೂದು ಕಾಡುಕೋಳಿಗೆ 1813ರಲ್ಲಿ ಡಚ್ ವಿಜ್ಞಾನಿ ಟೆಮ್ಮಿಂಕ್ ಕೊಟ್ಟ ಹೆಸರು ‘ಗ್ಯಾಲಸ್ ಸೊನ್ನೆರಾಟಿ’. ಹದಿನೆಂಟನೆಯ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಫ್ರೆಂಚ್ ಪ್ರವಾಸಿ ಪಿಯೆರ್ ಸೊನ್ನೆರಾನ ನೆನಪಿಗಾಗಿ ಇಟ್ಟದ್ದು ಅದು. ಮಲಯ, ಸುಮಾತ್ರಾ, ಬೋರ್ನಿಯೊ ಕಾಡುಗಳ ಮಹಾ ಆರ್ಗಸ್ ಹಕ್ಕಿಗೆ 1766ರಲ್ಲಿ ಲಿನೇಯಸ್ ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಗ್ರೀಕ್ ಪುರಾಣದ ನೂರು ಕಣ್ಣಿನ ದೈತ್ಯ. ರಾಮಾಯಣದ ಉತ್ತರಕಾಂಡದಲ್ಲಿ ರಾವಣನಿಗೆ ಹೆದರಿ ನವಿಲಿನ ರೂಪದಲ್ಲಿ ಅಡಗಿದ ಇಂದ್ರ, ಬಳಿಕ ತನ್ನ ಕಣ್ಣುಗಳನ್ನೇ ಆ ಹಕ್ಕಿಯ ಗರಿಗಳಿಗೆ ವರವಾಗಿ ಕೊಡುತ್ತಾನೆ. ಗರಿಯ ಮೇಲೆ ಕಣ್ಣನ್ನು ಕಂಡ ಎರಡು ನಾಡುಗಳ ಕಲ್ಪನೆ ಒಂದೇ ದಾರಿಯಲ್ಲಿ ಸಾಗಿದ್ದು ಸೋಜಿಗ.

ಆದರೆ ಹೆಸರೆಂಬುದು ಕೇವಲ ಅಲಂಕಾರವಲ್ಲ. ಯಾವುದು ಪ್ರತ್ಯೇಕ ಪ್ರಭೇದ, ಯಾವುದು ಅಲ್ಲ ಎಂಬ ತೀರ್ಮಾನದ ಮೇಲೆ ಕಾನೂನಿನ ರಕ್ಷಣೆ, ಹಣ, ಸಂಶೋಧಕರ ಗಮನ ಎಲ್ಲವೂ ನಿಂತಿವೆ. ಆ ತೀರ್ಮಾನ ಎಷ್ಟು ತೆಳುವಾದ ಆಧಾರದ ಮೇಲೆ ನಿಲ್ಲಬಹುದೆಂಬುದಕ್ಕೆ 1871ರ ಪ್ರಸಂಗವೊಂದಿದೆ. ಲಂಡನ್ನಿನಲ್ಲಿ ದೊರೆತ ಒಂದೇ ಒಂದು ಗರಿಯ ತುಂಡನ್ನು ಆಧರಿಸಿ ‘ಜೋಡಿಪಟ್ಟೆಯ ಆರ್ಗಸ್’ ಎಂಬ ಹೊಸ ಪ್ರಭೇದವನ್ನು ಘೋಷಿಸಲಾಯಿತು. ಅಂಥ ಹಕ್ಕಿಯನ್ನು ಜೀವಂತವಾಗಿ ಯಾರೂ ಕಾಣಲಿಲ್ಲ. ಆದರೂ ಅದು ನಿರ್ವಂಶವಾದ ಹಕ್ಕಿಗಳ ಪಟ್ಟಿಯಲ್ಲಿ ಬಹುಕಾಲ ಉಳಿಯಿತು. ಅದು ಸಾಮಾನ್ಯ ಆರ್ಗಸ್ಸಿನದೇ ವಿಕೃತ ಗರಿಯಾಗಿರಬೇಕೆಂಬ ಅಭಿಪ್ರಾಯ ನೆಲೆಗೊಂಡದ್ದು ಇತ್ತೀಚೆಗಷ್ಟೆ. ಹುಟ್ಟದೇ ಇದ್ದ ಹಕ್ಕಿಗಾಗಿ ಜಗತ್ತು ಒಂದು ಶತಮಾನಕ್ಕೂ ಮೀರಿ ಶೋಕಿಸಿತ್ತು.

ಇದಕ್ಕಿಂತ ಗಂಭೀರವಾದ ಕಥೆ ವಿಯೆಟ್ನಾಮಿನದು. ಅಲ್ಲಿನ ಮಧ್ಯಭಾಗದಲ್ಲಿ ಆನಮ್ ಬೆಟ್ಟಸಾಲಿನ ಬುಡಕ್ಕೆ ಹೊಂದಿಕೊಂಡ ತಗ್ಗಿನ ಮಳೆಕಾಡುಗಳಲ್ಲಿ ಕಡುನೀಲಿ ಮೈಯ, ಬಿಳಿ ಜುಟ್ಟಿನ ಹಕ್ಕಿಯೊಂದಿತ್ತು. 1896ರಲ್ಲಿ ಫ್ರೆಂಚ್ ವಿಜ್ಞಾನಿ ಊಸ್ತಲೆ ಅದನ್ನು ಲೋಕಕ್ಕೆ ಪರಿಚಯಿಸಿ, ಪ್ಯಾರಿಸ್ ಪ್ರಕೃತಿ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ಅಲ್ಫೋನ್ಸ್ ಮಿಲ್ನ್ ಎಡ್ವರ್ಡ್ಸ್ ಅವರ ಹೆಸರನ್ನಿಟ್ಟರು. ಇಂದಿನ ಪಟ್ಟಿಗಳಲ್ಲಿ ಅದು ‘ಲೋಫುರಾ ಎಡ್ವರ್ಡ್ಸಿ’. ವಿಯೆಟ್ನಾಮೀಯರು ಅದನ್ನು ಕರೆಯುವುದು ‘ಗಾ ಲೋಯ್ ಲಾಮ್ ಮಾವೊ ಚಾಂಗ್’ ಎಂದು. ಬಿಳಿ ಜುಟ್ಟಿನ ನೀಲಿ ಫೆಸೆಂಟ್ ಎಂದು ಅದರರ್ಥ. ಒಂದು ಹೆಸರು ಹಕ್ಕಿಯನ್ನು ತೋರಿಸುತ್ತದೆ, ಇನ್ನೊಂದು ಪ್ಯಾರಿಸ್ಸಿನ ಅಧಿಕಾರಿಯನ್ನು.

1923ರಲ್ಲಿ ಅದೇ ಪ್ರದೇಶದಿಂದ ಫ್ರೆಂಚ್ ಪಕ್ಷಿತಜ್ಞ ಝಾನ್ ದೆಲಕೂರ್ ಅವರಿಗೆ ಬೇರೊಂದು ಬಗೆಯ ನೀಲಿ ಫೆಸೆಂಟ್ ಜೋಡಿ ಜೀವಂತವಾಗಿ ದೊರೆಯಿತು. ಮರುವರ್ಷ ಅದಕ್ಕೆ ‘ಇಂಪೀರಿಯಾಲಿಸ್’, ಅಂದರೆ ಸಾಮ್ರಾಟ ಫೆಸೆಂಟ್ ಎಂಬ ಪಟ್ಟಾಭಿಷೇಕವಾಯಿತು. ಅತ್ಯಂತ ವಿರಳವೆಂದು ಅದು ಜಗತ್ತಿನಾದ್ಯಂತ ಪ್ರಸಿದ್ಧಿ ಪಡೆಯಿತು. ವಸ್ತುಸಂಗ್ರಹಾಲಯದ ಮಾದರಿಗಳ ಪರಿಶೀಲನೆ, ವಂಶವಾಹಿ ಪರೀಕ್ಷೆ ಮತ್ತು ಸಾಕಿದ ಹಕ್ಕಿಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ ಅಧ್ಯಯನ ಈ ಸಾಮ್ರಾಟನನ್ನು ಪದಚ್ಯುತಗೊಳಿಸಿತು. ಅದು ಸ್ವತಂತ್ರ ಪ್ರಭೇದವಲ್ಲ. ಎಡ್ವರ್ಡ್ಸ್ ಫೆಸೆಂಟ್ ಮತ್ತು ಬೆಳ್ಳಿ ಫೆಸೆಂಟುಗಳ ಮಿಶ್ರಸಂತಾನ.

ಮೂರನೆಯ ಹೆಸರಿನ ಕಥೆ ಇನ್ನೂ ಕಟುವಾದದ್ದು. 1975ರಲ್ಲಿ ವಿಯೆಟ್ನಾಮಿನ ಹಿರಿಯ ಪಕ್ಷಿವಿಜ್ಞಾನಿ ವೊ ಕುಯ್ ಅವರು ಹಾ ತಿನ್ ಪ್ರಾಂತ್ಯದಿಂದ ಮತ್ತೊಂದು ಫೆಸೆಂಟನ್ನು ವರ್ಣಿಸಿದರು. ಎಡ್ವರ್ಡ್ಸ್ ಹಕ್ಕಿಯನ್ನೇ ಹೋಲುತ್ತಿದ್ದ ಅದರ ಬಾಲದ ನಡುವೆ ಮಾತ್ರ ಕೆಲವು ಬಿಳಿಯ ಗರಿಗಳಿದ್ದವು. ದೀರ್ಘ ಯುದ್ಧದಿಂದ ಆಗತಾನೆ ಹೊರಬಂದಿದ್ದ ದೇಶಕ್ಕೆ ತನ್ನದೇ ವಿಜ್ಞಾನಿ ಹೆಸರಿಟ್ಟ, ತನ್ನದೇ ಪ್ರಾಂತ್ಯದ ಹೆಸರು ಹೊತ್ತ ಹಕ್ಕಿಯ ಬಗ್ಗೆ ಹೆಮ್ಮೆಯೆನಿಸಿದ್ದರೆ ಅದು ಸಹಜ. ಆದರೆ ಮೃಗಾಲಯಗಳಲ್ಲಿ ರಕ್ತಸಂಬಂಧದೊಳಗೇ ತಲೆಮಾರುಗಳಿಂದ ಸಂತಾನ ಪಡೆಯುತ್ತ ಬಂದ ಎಡ್ವರ್ಡ್ಸ್ ಫೆಸೆಂಟುಗಳಲ್ಲೂ ಅಂಥದೇ ಬಿಳಿ ಗರಿಗಳು ಕಾಣಿಸಿಕೊಂಡವು. ಎರಡೂ ಒಂದೇ ಪ್ರಭೇದ, ಬಿಳಿ ಗರಿ ಒಳಸಂತಾನದ ಫಲವಿರಬೇಕು ಎಂಬ ನಿರ್ಣಯಕ್ಕೆ ಸಂಶೋಧಕರು 2012ರಲ್ಲಿ ಬಂದರು.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಹೊಸ ಪ್ರಭೇದದ ಗುರುತೆಂದು ಸಂಭ್ರಮಿಸಿದ ಬಿಳಿ ಗರಿ, ಕಾಡಿನ ತುಣುಕುಗಳಲ್ಲಿ ಸಿಕ್ಕಿಬಿದ್ದು ಸಂಗಾತಿ ಸಿಗದೆ ಕ್ಷೀಣಿಸುತ್ತಿದ್ದ ಹಕ್ಕಿಯ ರೋಗಲಕ್ಷಣವಾಗಿತ್ತು. ಸಾಮ್ರಾಟ ಫೆಸೆಂಟ್ ಕೂಡ ಬಹುಶಃ ಅದೇ ಮಾತನ್ನು ಹೇಳುತ್ತಿತ್ತು: ತನ್ನ ಕುಲದವರು ಸಿಗದಾಗ ಹಕ್ಕಿ ಬೇರೆ ಕುಲದೊಡನೆ ಕೂಡುತ್ತದೆ. ಮೂರು ಹೆಸರುಗಳಿದ್ದಲ್ಲಿ ಕೊನೆಗೆ ಉಳಿದದ್ದು ಒಂದೇ ಹಕ್ಕಿ. ಆ ಹಕ್ಕಿಯೂ 2000ದ ನಂತರ ಕಾಡಿನಲ್ಲಿ ಖಚಿತವಾಗಿ ಕಂಡಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2012ರಲ್ಲಿ ಅದನ್ನು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿತು.

ಕಾರಣಗಳು ನಿಗೂಢವಲ್ಲ. ತಗ್ಗಿನ ಕಾಡು ಕೃಷಿಗೆ ಸುಲಭದ ತುತ್ತು. ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳು ಸುರಿದ ಕಳೆನಾಶಕ ಆ ಭಾಗದ ಕಾಡನ್ನು ಸುಟ್ಟಿತು. ಅಳಿದುಳಿದಲ್ಲಿ ಇಂದು ತಂತಿಯ ಉರುಳುಗಳು ತುಂಬಿವೆ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಸಂರಕ್ಷಿತ ಕಾಡುಗಳಲ್ಲಿಯೇ ಒಂದು ಕೋಟಿಗೂ ಹೆಚ್ಚು ಉರುಳುಗಳಿರಬಹುದೆಂದು ವಿಶ್ವ ವನ್ಯಜೀವಿ ನಿಧಿಯ 2020ರ ವರದಿ ಅಂದಾಜಿಸಿದೆ. ನೆಲದ ಮೇಲೆ ನಡೆಯುವ ಹಕ್ಕಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಉರುಳು ಪ್ರಭೇದ ನೋಡಿ ಬಿಗಿಯುವುದಿಲ್ಲ.

ಸದ್ಯ ಆಸೆಯಿರುವುದು ಪಂಜರಗಳಲ್ಲಿ. ದೆಲಕೂರ್ ಕಾಲದಲ್ಲಿ ಯೂರೋಪಿಗೆ ಸಾಗಿದ ಬೆರಳೆಣಿಕೆಯ ಹಕ್ಕಿಗಳ ಸಂತತಿ ಹಲವು ದೇಶಗಳ ಮೃಗಾಲಯಗಳಲ್ಲಿದೆ. ಅವುಗಳಲ್ಲಿ ಕೆಲವಕ್ಕೆ ತೈವಾನಿನ ಸ್ವಿನ್‌ಹೋ ಫೆಸೆಂಟಿನ ರಕ್ತ ಬೆರೆತಿರುವುದರಿಂದ, ಶುದ್ಧವಾದವನ್ನು ಆರಿಸಿ ವಿಯೆಟ್ನಾಮಿಗೆ ಮರಳಿಸುವ ಪ್ರಯತ್ನ ನಡೆದಿದೆ. ಅಲ್ಲಿ ಅವುಗಳಿಗಾಗಿ ಸಂವರ್ಧನ ಕೇಂದ್ರವೂ ಸಿದ್ಧವಾಗಿದೆ. ಆದರೆ ಉರುಳು ತೆಗೆಯದ ಕಾಡಿಗೆ ಹಕ್ಕಿಯನ್ನು ಬಿಡುವುದು ಅದನ್ನು ಇನ್ನೊಮ್ಮೆ ಕೊಂದಂತೆ.

ನಮಗಿದು ದೂರದ ಮಾತೆನಿಸಬಾರದು. ಕಾಡಂಚಿನ ಹೊಲ, ತೋಟಗಳಲ್ಲಿ ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಬಿದ್ದ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಅದೇ ಉರುಳಿಗೆ ಬಿದ್ದ ಕಾಡುಕೋಳಿ ಸುದ್ದಿಯಾಗುವುದಿಲ್ಲ. ಅದು ಇನ್ನೂ ಸಾಮಾನ್ಯ ಹಕ್ಕಿ, ಅಪಾಯದ ಪಟ್ಟಿಯಲ್ಲಿಲ್ಲ. ನಮ್ಮ ಮನೆಯ ಕೋಳಿಗೆ ಹಳದಿ ಚರ್ಮದ ವಂಶವಾಹಿಯನ್ನು ಕೊಟ್ಟದ್ದು ಇದೇ ಬೂದು ಕಾಡುಕೋಳಿ ಎಂದು 2008ರ ಸಂಶೋಧನೆಯೊಂದು ತೋರಿಸಿತು. ನಮ್ಮ ಊಟದ ತಟ್ಟೆಯವರೆಗೆ ಸಂಬಂಧವಿರುವ ಹಕ್ಕಿಯದು.

ವಿಜ್ಞಾನ ತಪ್ಪು ಹೆಸರಿಟ್ಟರೆ ತಾನೇ ತಿದ್ದಿಕೊಳ್ಳಬಲ್ಲದು. ಸಾಮ್ರಾಟ ಫೆಸೆಂಟಿನ ವಿಷಯದಲ್ಲಿ ಆ ತಿದ್ದುಪಡಿಗೆ ಎಂಬತ್ತು ವರ್ಷ ಹಿಡಿಯಿತು, ಆದರೂ ಆಯಿತು. ಕಾಡಿನಿಂದ ಅಳಿಸಿಹೋದ ಹಕ್ಕಿಗೆ ಅಂಥ ತಿದ್ದುಪಡಿ ಸುಲಭವಲ್ಲ. ಸೊನ್ನೆರಾನ ಹೆಸರು ಹೊತ್ತ ಹಕ್ಕಿ ನಾಳೆ ನಸುಕಿನಲ್ಲೂ ನಮ್ಮ ಬಿದಿರುಮೆಳೆಯಲ್ಲಿ ಕೂಗುತ್ತದೆ. ಅದು ಸಾಮಾನ್ಯವಾಗಿರುವಾಗಲೇ ಉರುಳನ್ನು ಬಿಚ್ಚುವುದು ಜಾಣತನ.