ಬಹುಮಾನ ಕೊಟ್ಟು ಕಾಡು ಬೆಳೆಸಿದವರು

1754ರ ಮಾರ್ಚ್ 22ರಂದು ಲಂಡನ್ನಿನ ಕೋವೆಂಟ್ ಗಾರ್ಡನ್ ಬಳಿಯ ರಾಥ್‌ಮೆಲ್ ಕಾಫಿ ಹೌಸಿನಲ್ಲಿ ಹನ್ನೊಂದು ಮಂದಿ ಸೇರಿದರು. ಅವರನ್ನು ಕರೆಸಿದ್ದು ನಾರ್ಥಾಂಪ್ಟನ್ನಿನ ಡ್ರಾಯಿಂಗ್ ಮೇಷ್ಟ್ರು ವಿಲಿಯಂ ಶಿಪ್ಲಿ. ಬಹುಮಾನದ ಆಸೆಗೆ ಜನ ಒಳ್ಳೆಯ ಕುದುರೆ ಸಾಕುವುದನ್ನು ಅವರು ತಮ್ಮೂರಲ್ಲಿ ಕಂಡಿದ್ದರು. ಕಲೆ, ಕಸುಬುಗಳೂ ಹಾಗೆಯೇ ಚಿಗುರಬಹುದೆಂಬ ನಂಬಿಕೆಯಿಂದ ಹುಟ್ಟಿದ್ದೇ ಇಂದಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್.

ಮೊದಲ ಬಹುಮಾನಗಳಲ್ಲೇ ಸಂಸ್ಥೆಯ ಗುಣ ಕಾಣುತ್ತದೆ. ನೀಲಿ ಬಣ್ಣಕ್ಕೆ ಬೇಕಾದ ಕೋಬಾಲ್ಟ್ ಅದಿರನ್ನು ಬ್ರಿಟನ್ನಿನಲ್ಲೇ ಪತ್ತೆ ಹಚ್ಚಿದವರಿಗೆ ಒಂದು, ಕೆಂಪು ಬಣ್ಣ ಕೊಡುವ ಮ್ಯಾಡರ್ ಗಿಡ (ನಮ್ಮ ಮಂಜಿಷ್ಠದ ಬಳಗದ್ದು) ಬೆಳೆದವರಿಗೆ ಇನ್ನೊಂದು. ಮೂರನೆಯದು ಚಿತ್ರ ಬರೆಯುವ ಮಕ್ಕಳಿಗೆ. ಹುಡುಗಿಯರಿಗೂ ಅವಕಾಶವಿತ್ತು. ಸೀರೆಯ ಅಂಚಿಗಾಗಲಿ ಪಿಂಗಾಣಿ ಬಟ್ಟಲಿಗಾಗಲಿ, ಒಳ್ಳೆಯ ರೇಖೆ ಬರೆಯಬಲ್ಲ ಕೈ ಇಲ್ಲದೆ ಬಣ್ಣವಿದ್ದೂ ಪ್ರಯೋಜನವಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಹೀಗೆ ಬಹುಮಾನ ಗೆದ್ದ ಬಾಲಕ ರಿಚರ್ಡ್ ಕಾಸ್ವೇ ಮುಂದೆ ಪುಟಾಣಿ ಭಾವಚಿತ್ರಗಳಿಗೆ ಹೆಸರಾದ. 1760ರಲ್ಲಿ ಸಂಸ್ಥೆಯ ಸಭಾಂಗಣದಲ್ಲೇ ಬ್ರಿಟನ್ನಿನ ಸಮಕಾಲೀನ ಕಲಾವಿದರ ಮೊದಲ ಸಾರ್ವಜನಿಕ ಪ್ರದರ್ಶನ ನಡೆಯಿತು.

ನನ್ನನ್ನು ಹೆಚ್ಚು ಹಿಡಿದಿಡುವುದು ಒಂದು ಷರತ್ತು. ಪೇಟೆಂಟ್ ಪಡೆದ ವಸ್ತುವಿಗೆ ಬಹುಕಾಲ ಅಲ್ಲಿ ಬಹುಮಾನವಿರಲಿಲ್ಲ. ಗೆದ್ದವರು ತಮ್ಮ ಉಪಾಯವನ್ನು ಎಲ್ಲರಿಗೂ ಬಿಟ್ಟುಕೊಡಬೇಕಿತ್ತು. ಅರಿವು ಒಬ್ಬರ ಪೆಟ್ಟಿಗೆಯಲ್ಲಿ ಉಳಿಯಬಾರದೆಂಬ ಈ ಹಟವೇ ಸಂಸ್ಥೆಯ ದೊಡ್ಡ ಕೊಡುಗೆಯೆಂದು ನಾನು ಎಣಿಸುತ್ತೇನೆ.

ಹಡಗು ಕಟ್ಟಲು ಓಕ್ ಮರ ಕಡಿದು ಕಡಿದು ನಾಡು ಬೋಳಾಗತೊಡಗಿದಾಗ, 1758ರಿಂದ ಗಿಡ ನೆಡುವವರಿಗೂ ಪದಕ ಬಂತು. ನೆಟ್ಟರೆ ಸಾಲದು, ಬೇಲಿ ಹಾಕಿ ಕಾಪಾಡಿದ್ದಕ್ಕೂ ಪುರಾವೆ ಕೊಡಬೇಕು. ವೇಲ್ಸ್‌ನ ಹಾಫೋಡ್‌ನಲ್ಲಿ ಥಾಮಸ್ ಜೋನ್ಸ್ ಬರಿಗುಡ್ಡಗಳ ಮೇಲೆ ಲಕ್ಷಾಂತರ ಮರ ಬೆಳೆಸಿ ಮತ್ತೆ ಮತ್ತೆ ಚಿನ್ನದ ಪದಕ ಪಡೆದರು. 1830ರ ದಶಕದವರೆಗೆ ಆರು ಕೋಟಿಗೂ ಹೆಚ್ಚು ಗಿಡ ನೆಡಲಾಯಿತೆಂದು ಸಂಸ್ಥೆಯ ಲೆಕ್ಕ. ಮನಸ್ಸಿನಲ್ಲಿದ್ದದ್ದು ನೌಕಾಪಡೆಯೇ ಹೊರತು ಪರಿಸರ ಪ್ರೀತಿಯಲ್ಲ, ನಿಜ. ಆದರೂ ಕಡಿದಷ್ಟು ಬೆಳೆಸಬೇಕೆಂಬ ಮಾತು ಅಲ್ಲಿ ಕೈಗೆಲಸವಾಯಿತು.

ಇನ್ನೊಂದು ಕಥೆ ನೋವಿನದು. ಮನೆಗಳ ಹೊಗೆಗೂಡುಗಳೊಳಗೆ ಪುಟ್ಟ ಹುಡುಗರನ್ನು ಹತ್ತಿಸಿ ಮಸಿ ಕೆರೆಸುತ್ತಿದ್ದ ಕಾಲ. ಮಕ್ಕಳಿಲ್ಲದೆ ಆ ಕೆಲಸ ಮಾಡುವ ಸಾಧನಕ್ಕೆ ಸಂಸ್ಥೆ 1796ರಲ್ಲಿ ಬಹುಮಾನ ಸಾರಿತು. ಒಳಗೆ ಹಗ್ಗ ಹಾಯಿಸಿದ ಟೊಳ್ಳು ಕೋಲುಗಳ ತುದಿಗೆ ಬ್ರಷ್ ಕಟ್ಟಿದ ಜಾರ್ಜ್ ಸ್ಮಾರ್ಟ್‌ಗೆ ಪದಕವೂ ಸಿಕ್ಕಿತು. ಆದರೆ ಮಕ್ಕಳನ್ನು ಹತ್ತಿಸುವ ಪದ್ಧತಿಯನ್ನು ನಿಜವಾಗಿ ನಿಲ್ಲಿಸಿದ ಕಾನೂನು ಬಂದದ್ದು 1875ರಲ್ಲಿ. ಸಾಧನ ಕೈಯಲ್ಲಿದ್ದೂ ತಲೆಮಾರುಗಳ ಮಕ್ಕಳು ಮಸಿಯಲ್ಲಿ ಉಸಿರುಗಟ್ಟಿದರು.

1851ರಲ್ಲಿ ಲಂಡನ್ನಿನಲ್ಲಿ ನಡೆದ, ಜಗತ್ತಿನ ಕೈಗಾರಿಕೆಗಳ ಮಹಾ ಪ್ರದರ್ಶನದ ಬೀಜವೂ ಈ ಸಂಸ್ಥೆಯ ಪ್ರದರ್ಶನಗಳಲ್ಲೇ ಇತ್ತು. ಆಗ ಸಂಸ್ಥೆಯ ಅಧ್ಯಕ್ಷರು ರಾಣಿ ವಿಕ್ಟೋರಿಯಾಳ ಪತಿ ಪ್ರಿನ್ಸ್ ಆಲ್ಬರ್ಟ್. 1856ರಿಂದ ದುಡಿಯುವವರಿಗಾಗಿ ಪರೀಕ್ಷೆಗಳು ನಡೆದವು. 1924ರಲ್ಲಿ ವಿನ್ಯಾಸ ಕಲಿಯುವವರಿಗೆ ಸ್ಪರ್ಧೆ ಶುರುವಾಯಿತು. 1960ರ ದಶಕದಲ್ಲಿ ಹಳ್ಳಿನಾಡಿನ ಭವಿಷ್ಯ ಕುರಿತ ಸಮ್ಮೇಳನಗಳಿಗೆ ಸಂಸ್ಥೆ ಹೆಗಲು ಕೊಟ್ಟಿತು. 1980ರ ದಶಕದಲ್ಲಿ ಆ ವಿನ್ಯಾಸ ಸ್ಪರ್ಧೆ ಗೆದ್ದ ವಿದ್ಯಾರ್ಥಿಯೊಬ್ಬ ಬಹುಮಾನದ ಹಣದಲ್ಲಿ ಕ್ಯಾಲಿಫೋರ್ನಿಯಾ ನೋಡಿಬಂದ. ಅವನ ಹೆಸರು ಜಾನಿ ಐವ್. ಮುಂದೆ ಐಫೋನಿಗೆ ರೂಪ ಕೊಟ್ಟವನು ಅವನೇ.