ಕುಣಿಯುವ ಕಾಲಿಗೆ ವಿಶ್ರಾಂತಿಯ ಪಾಠ

ಲಿಂಗಸುಗೂರಿನಲ್ಲಿ ಬೇಸಿಗೆಯ ಮಧ್ಯಾಹ್ನವೆಂದರೆ ಹಿರಿಯರಿಗೆ ನಿದ್ರೆಯ ಹೊತ್ತು, ಮಕ್ಕಳಿಗೆ ಸೆರೆವಾಸ. ರಾಯಚೂರು ಜಿಲ್ಲೆಯಲ್ಲಿ ಆ ದಿನಗಳ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದು ಹೊಸ ಸಂಗತಿಯೇನೂ ಅಲ್ಲ. ಶಾಲೆಗೆ ರಜೆ, ಬೀದಿಯಲ್ಲಿ ಬೆಂಕಿಯಂಥ ಬಿಸಿಲು. ಬಾಗಿಲು ಮುಚ್ಚಿದ ಮನೆಯೊಳಗೆ ಎಂಟು ವರ್ಷದ ಹುಡುಗನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ ಹಾರುತ್ತಾನೆ. ಮಲಗಿದ ತಂಗಿಯ ಜಡೆ ಎಳೆಯುತ್ತಾನೆ. ತಾಯಿ ಮೊದಲು ರಮಿಸುತ್ತಾಳೆ, ಅನಂತರ ಗದರಿಸುತ್ತಾಳೆ, ಕಟ್ಟಕಡೆಗೆ ಕೈ ಎತ್ತುತ್ತಾಳೆ. ಇಲ್ಲವೆ ಮೊಬೈಲನ್ನು ಅವನ ಕೈಗಿತ್ತು ನಿಟ್ಟುಸಿರು ಬಿಡುತ್ತಾಳೆ.

ಎರಡರಿಂದಲೂ ಮನೆ ನಿಶ್ಶಬ್ದವಾಗುವುದು ನಿಜ. ಆದರೆ ನಿಶ್ಶಬ್ದವೇ ಶಾಂತಿಯಲ್ಲ. ಏಟು ತಿಂದ ಮಗು ಅಂಜಿ ಮುದುಡುತ್ತದೆ. ಅದರ ಎದೆಬಡಿತ ಇಳಿಯುವುದಕ್ಕೆ ಬದಲು ಏರುತ್ತದೆ. ಮೊಬೈಲು ಹಿಡಿದ ಮಗುವಿನ ಕಾಲು ನಿಂತರೂ ಮನಸ್ಸು ಓಡುತ್ತಲೇ ಇರುತ್ತದೆ. ಸುಮ್ಮನಿರುವುದೂ ಒಂದು ವಿದ್ಯೆ. ನಡೆಯುವುದನ್ನು ಕಲಿಸಿದಂತೆಯೇ ಅದನ್ನೂ ತಾಳ್ಮೆಯಿಂದ ಕಲಿಸಬೇಕಾಗುತ್ತದೆ.

ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಬಲದಂಡೆ ಕಾಲುವೆಯಲ್ಲಿ ಈ ಸೀಮೆಗೆ ಹರಿದುಬರುತ್ತದೆ. ರಭಸದ ನೀರಿಗೆ ಒಮ್ಮೆಲೆ ಅಡ್ಡಗಟ್ಟೆ ಹಾಕಿದರೆ ದಂಡೆಯೇ ಒಡೆದೀತೆಂಬುದು ರೈತನಿಗೆ ಗೊತ್ತು. ಮಕ್ಕಳ ಚೈತನ್ಯವೂ ಹಾಗೆಯೇ. ಮೊದಲು ಹರಿಯಲು ದಾರಿ ಕೊಡಬೇಕು, ಬಳಿಕ ಹಂತಹಂತವಾಗಿ ವೇಗವನ್ನು ಇಳಿಸಬೇಕು.

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ೬೦ ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿದೆ. ಬಿಸಿಲನಾಡಿನಲ್ಲಿ ಇದಕ್ಕೆ ಬೆಳಗಿನ ತಂಪು ಹೊತ್ತು, ಇಲ್ಲವೆ ಬಿಸಿಲು ಇಳಿದ ಸಂಜೆಯೇ ತಕ್ಕದ್ದು. ಲಗೋರಿ, ಕುಂಟೆಬಿಲ್ಲೆ, ಚಿಣ್ಣಿದಾಂಡುಗಳಿಗೆ ಖರ್ಚಿಲ್ಲ. ಮಧ್ಯಾಹ್ನ ಮನೆಯೊಳಗೇ ಇರಬೇಕಾದರೆ ನೀರಿನ ಕೊಡ ಎತ್ತಿಡುವುದು, ರೊಟ್ಟಿಯ ಹಿಟ್ಟು ನಾದುವುದು, ಹಾಸಿಗೆ ಮಡಿಚುವುದು ಮೊದಲಾದ ಮೈಮುರಿಯುವ ಕೆಲಸ ಕೊಡಿರಿ. ಅನಂತರ ಚೌಕಾಬಾರ, ಅಳಗುಳಿಮಣೆಗಳಂಥ ಕುಳಿತಾಡುವ ಆಟ ಬರಲಿ. ಹುಣಿಸೆಬೀಜ ಎಣಿಸುತ್ತ, ತನ್ನ ಸರದಿಗಾಗಿ ಕಾಯುತ್ತ, ಮಗು ತಾನರಿಯದೆಯೇ ನಿಧಾನವನ್ನು ಕಲಿಯುತ್ತದೆ.

ಮೂರನೆಯದು ಮೈಸಡಿಲಿಸುವ ಅಭ್ಯಾಸ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್‌ರು ೧೯೨೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸ್ನಾಯುಗಳನ್ನು ಬಿಗಿಹಿಡಿದು ಸಡಿಲಬಿಡುವ ಕ್ರಮವನ್ನು ವಿವರಿಸಿದರು. ಮಕ್ಕಳಿಗೆ ಇದನ್ನು ಆಟವಾಗಿ ಹೇಳಬಹುದು. “ಕೈಯಲ್ಲಿ ನಿಂಬೆಹಣ್ಣಿದೆ, ಗಟ್ಟಿಯಾಗಿ ಹಿಂಡು, ಈಗ ಕೆಳಗೆ ಬಿಡು” ಎಂದರೆ ಸಾಕು. ಹೀಗೆಯೇ ಭುಜ, ಹೊಟ್ಟೆ, ಕಾಲುಗಳನ್ನೂ ಬಿಗಿದು ಬಿಡಲಿ. ಬಳಿಕ ಬಿಸಿ ಹಾಲನ್ನು ಆರಿಸುವಂತೆ ಮೆಲ್ಲನೆ, ದೀರ್ಘವಾಗಿ ಊದಲಿ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುವುದು ಶರೀರದ ಸಹಜ ನಿಯಮ. ಬಾಯಿ ಮುಚ್ಚಿ ದುಂಬಿಯಂತೆ ಗುನುಗುವ ಭ್ರಾಮರಿಯಲ್ಲಿಯೂ ಉಸಿರು ಹೀಗೆಯೇ ನೀಳವಾಗುತ್ತದೆ. ಐದು ನಿಮಿಷ ಸಾಕು. ಆದರೆ ರಂಪಾಟದ ನಡುವೆ ಇದನ್ನು ಆರಂಭಿಸಬೇಡಿರಿ. ಮಗು ಸಮಾಧಾನದಿಂದಿದ್ದಾಗ ಕಲಿಸಿರಿ. ತಂದೆತಾಯಿಗಳೂ ಜೊತೆಗೆ ಮಲಗಿ ಮಾಡಿದರೆ ಇನ್ನೂ ಲೇಸು. ಸಿಡಿಮಿಡಿಗೊಂಡ ಹಿರಿಯರಿಂದ ಮಗು ಶಾಂತಿಯನ್ನು ಕಲಿಯಲಾರದು.

ನಿದ್ರೆಯನ್ನಂತೂ ಮರೆಯಲೇಬಾರದು. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ ೯ರಿಂದ ೧೨ ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು ೨೦೧೬ರಲ್ಲಿ ತಿಳಿಸಿತು. ನಿದ್ರೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ರೆಗೆಟ್ಟ ಮಕ್ಕಳು ಅನೇಕವೇಳೆ ಮತ್ತಷ್ಟು ಕುಣಿಯುತ್ತಾರೆ. ಮಲಗುವ ಮುನ್ನ ಒಂದು ಗಂಟೆ ಮೊಬೈಲು ದೂರವಿರಲಿ. ಮಾಳಿಗೆಯ ಮೇಲೆ ಚಾಪೆ ಹಾಸಿ ಅಜ್ಜಿ ಹೇಳುವ ಕಥೆಗೆ ಸಮನಾದ ಔಷಧವಿಲ್ಲ.

ಇಷ್ಟಾದರೂ ಕೆಲವು ಮಕ್ಕಳು ನಿಲ್ಲಲಾರರು. ವಯಸ್ಸಿಗೆ ಮೀರಿದ ಚಡಪಡಿಕೆ, ಗಮನವಿಡಲಾಗದ ಸ್ಥಿತಿ ಮನೆಯಲ್ಲಿಯೂ ಶಾಲೆಯಲ್ಲಿಯೂ ಆರು ತಿಂಗಳಿಗೂ ಮಿಗಿಲಾಗಿ ಕಂಡುಬಂದು ಕಲಿಕೆಗೆ ಅಡ್ಡಿಯಾದರೆ, ಅದು ತುಂಟತನವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ವೈದ್ಯರಿಗೆ ತೋರಿಸಬೇಕಾದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಿದ್ದಾರೆ. ದೂರದ ಊರಿನವರು ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ ೧೪೪೧೬ ಸಂಖ್ಯೆಗೆ ಕರೆಮಾಡಿ, ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಶಾಲೆಯಲ್ಲಿ ಇಂಥ ಮಗುವನ್ನು ಹೊಡೆಯುವುದನ್ನೂ ಹೀಯಾಳಿಸುವುದನ್ನೂ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಕಲಮು ನಿಷೇಧಿಸಿದೆಯೆಂಬುದು ಪೋಷಕರಿಗೆ ತಿಳಿದಿರಲಿ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದು ನಾವು ಆಗಾಗ ಅನ್ನುವುದುಂಟು. ಬಗ್ಗಿಸುವ ಭರದಲ್ಲಿ ಗಿಡವನ್ನೇ ಮುರಿಯಬಾರದು. ದಿನಕ್ಕೆ ಹತ್ತು ಬಾರಿ “ನೀನು ಕೆಟ್ಟವನು” ಎಂದು ಕೇಳಿದ ಹುಡುಗ ಹನ್ನೊಂದನೆಯ ಬಾರಿ ಅದನ್ನು ನಂಬಿಬಿಡುತ್ತಾನೆ. ಆ ನಂಬಿಕೆ ಬೇರೂರುವ ಮೊದಲೇ, ಇಂದಿನ ಸಂಜೆಯೇ, ಅವನನ್ನು ಬಯಲಿಗೆ ಕರೆದೊಯ್ಯಿರಿ.