ಬಂದೂಕು ಹಿಡಿದ ಶ್ರಾವಕನ ಅಣುವ್ರತ

2025ರ ಮೇ ತಿಂಗಳ ಆರಂಭದ ದಿನಗಳನ್ನು ಜನರು ಇನ್ನೂ ಮರೆತಿರಲಾರರು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಹತ್ಯೆಯಾಗಿತ್ತು. ಮೇ 7ರಂದು ಸೇನಾ ಕಾರ್ಯಾಚರಣೆ ನಡೆಯಿತು. ಅದೇ ದಿನ ಬೆಂಗಳೂರಿನಲ್ಲಿಯೂ ಸೈರನ್ ಮೊಳಗಿಸಿ ನಾಗರಿಕ ರಕ್ಷಣೆಯ ಅಣಕು ಕವಾಯತು ಮಾಡಲಾಯಿತು. ವಿಮಾನ ನಿಲ್ದಾಣಗಳಲ್ಲಿ ವಿಮಾನವೇರುವ ಮುನ್ನ ಪ್ರಯಾಣಿಕರನ್ನು ಇನ್ನೊಮ್ಮೆ ತಪಾಸಣೆ ಮಾಡುವ ಆದೇಶ ಬಂದಿತು. ಕಟ್ಟೆಚ್ಚರ ಎಂಬ ಮಾತು ಎಲ್ಲರ ಬಾಯಲ್ಲಿತ್ತು.

ಆ ದಿನಗಳಲ್ಲಿ ನಗರದ ಬ್ಯಾಂಕೊಂದರ ಬಾಗಿಲಲ್ಲಿ ಹಾಸನ ಸೀಮೆಯ ಶ್ರಾವಕರೊಬ್ಬರು ಕಾವಲಿಗೆ ನಿಂತಿದ್ದರು. ಸೇನೆಯಿಂದ ನಿವೃತ್ತರಾದವರು; ಪರವಾನಗಿ ಪಡೆದ ಜೋಡು ನಳಿಗೆಯ ಬಂದೂಕು ಹೆಗಲಲ್ಲಿ, ತೋಟಾಗಳ ಪಟ್ಟಿ ಸೊಂಟದಲ್ಲಿ. ಮುನಿಗಳೊಬ್ಬರ ಸನ್ನಿಧಿಯಲ್ಲಿ ಅಹಿಂಸಾಣುವ್ರತ ಸ್ವೀಕರಿಸಿ ಕೆಲವು ವರ್ಷಗಳಾಗಿದ್ದವು. ಬದಲಿ ಕಾವಲುಗಾರ ಊರಿಗೆ ಹೋಗಿದ್ದರಿಂದ ಹನ್ನೆರಡು ಗಂಟೆಯ ಪಾಳಿ ಹದಿನಾರು ಗಂಟೆಗೆ ಏರಿತ್ತು. ಮೂರನೆಯ ದಿನ, ಬ್ಯಾಂಕು ಮುಚ್ಚುವ ಹೊತ್ತಿಗೆ, ಬೆನ್ನಿಗೆ ಭಾರವಾದ ಚೀಲ ಹಾಕಿಕೊಂಡ ಯುವಕನೊಬ್ಬ ಬಾಗಿಲ ಕಡೆಗೆ ಓಡಿ ಬಂದ. ನಿಲ್ಲೆಂದರೂ ನಿಲ್ಲಲಿಲ್ಲ, ಕಿವಿಯಲ್ಲಿ ಹಾಡು ಕೇಳುವ ಯಂತ್ರವಿತ್ತು. ಬಂದೂಕು ತಾನಾಗಿಯೇ ಎಂಬಂತೆ ಹೆಗಲಿಂದ ಇಳಿದು ಅವನ ಎದೆಗೆ ಗುರಿಯಾಯಿತು. ಹುಡುಗ ಕಲ್ಲಾಗಿ ನಿಂತ. ಕಾಲೇಜಿನ ಶುಲ್ಕ ಕಟ್ಟಲು ಅಂದೇ ಕೊನೆಯ ದಿನವಾಗಿತ್ತು. ಚೀಲದಲ್ಲಿ ಇದ್ದದ್ದು ಪುಸ್ತಕಗಳು.

ಯಾರಿಗೂ ಏನೂ ಆಗಲಿಲ್ಲ. ಒಳಗಿದ್ದವರು ಕಾವಲುಗಾರರ ಚುರುಕುತನವನ್ನು ಮೆಚ್ಚಿಯೂ ಮೆಚ್ಚಿದರು. ಅವರಿಗೆ ಮಾತ್ರ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬಿಡುವು ಸಿಕ್ಕೊಡನೆ ಬಸದಿಗೆ ಹೋಗಿ, ಸ್ವಾಧ್ಯಾಯ ನಡೆಸುತ್ತಿದ್ದ ವೃದ್ಧ ಶಾಸ್ತ್ರಿಗಳ ಮುಂದೆ ಕುಳಿತರು.

“ಶಾಸ್ತ್ರಿಗಳೇ, ನಾನು ಗುಂಡು ಹಾರಿಸಲಿಲ್ಲ. ನನ್ನ ವ್ರತ ಉಳಿಯಿತೆ?”

“ಬೆರಳು ಎಲ್ಲಿತ್ತಪ್ಪ?”

“ಕುದುರೆಯ ಮೇಲೆ ಇಟ್ಟಿರಲಿಲ್ಲ. ಸೇನೆಯಲ್ಲಿ ಕಲಿತ ಅಭ್ಯಾಸ.”

“ಮನಸ್ಸು?”

ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ಮನಸ್ಸು ಒತ್ತಿಬಿಟ್ಟಿತ್ತು, ಸ್ವಾಮಿ.”

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಬಿಟ್ಟರೆ ಅಣುವ್ರತ ನಿಲ್ಲುತ್ತದೆ ಎನ್ನುವುದು ಶ್ರಾವಕರಿಗೆಲ್ಲ ಪರಿಚಿತ. ತನ್ನವರ ಮೇಲೆ ಎರಗಿದವನನ್ನು ತಡೆಯುವುದು ವಿರೋಧಿ ಹಿಂಸೆ. ಅದರ ತ್ಯಾಗ ಮುನಿಗಳಿಗೆ ಮಾತ್ರ ಕಡ್ಡಾಯ. ಇಷ್ಟನ್ನು ಹೇಳಿ ಶಾಸ್ತ್ರಿಗಳು ಅವರನ್ನು ಸಮಾಧಾನಪಡಿಸಿ ಕಳುಹಿಸಬಹುದಿತ್ತು. ಆದರೆ ಆ ಹುಡುಗ ವಿರೋಧಿಯಾಗಿರಲಿಲ್ಲವಲ್ಲ! ಭಯವೇ ಅವನನ್ನು ವಿರೋಧಿಯನ್ನಾಗಿ ಮಾಡಿತ್ತು. ಕಟ್ಟೆಚ್ಚರದ ದಿನಗಳ ದೊಡ್ಡ ಅಪಾಯ ಇದೇ. ಉಡುಪು, ಗಡ್ಡ, ಮಾತಿನ ರೀತಿ, ಬೆನ್ನ ಮೇಲಿನ ಚೀಲ ಎಲ್ಲವೂ ಶತ್ರುವಿನ ಗುರುತಾಗಿ ಕಾಣತೊಡಗುತ್ತವೆ. ವಿನಾಯಿತಿ ಇರುವುದು ನಿಜವಾದ ಆಕ್ರಮಣಕ್ಕೆ, ಸಂಶಯಕ್ಕಲ್ಲ. ವಿನಾಯಿತಿಯೆಂದರೆ ವ್ರತಭಂಗವಾಗದು ಎಂದಷ್ಟೇ. ಅಲ್ಲಿಯೂ ಕಷಾಯವಿದ್ದಷ್ಟು ಕರ್ಮಬಂಧ ತಪ್ಪಿದ್ದಲ್ಲ.

ತತ್ತ್ವಾರ್ಥಸೂತ್ರವು ಹಿಂಸೆಗೆ ಮೂಲವಾಗಿ ಹೇಳುವುದು ಪ್ರಮಾದವನ್ನು. ಪ್ರಮಾದಗಳು ಹದಿನೈದು: ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ನಿದ್ರೆ ಮತ್ತು ಪ್ರಣಯ. ಇವನ್ನು ಎಣಿಸುವ ಗೊಮ್ಮಟಸಾರವನ್ನು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ್ದು ಚಾವುಂಡರಾಯನಿಗಾಗಿ. ಬೆಳಗೊಳದ ಬಾಹುಬಲಿಯನ್ನು ನಿಲ್ಲಿಸಿದ ಆತ ಗಂಗರ ಸೇನಾನಿ, ಆಯುಧವೇ ವೃತ್ತಿಯಾಗಿದ್ದವನು. ಆಯುಧ ಹಿಡಿದವನಿಗೇ ಪ್ರಮಾದದ ಪಾಠ ಹೆಚ್ಚು ಬೇಕು ಎಂದು ಗುರುಗಳು ಬಲ್ಲರು.

ಆ ಹದಿನೈದರಲ್ಲಿ ನಿದ್ರೆಯೂ ಇದೆ ಎಂಬುದನ್ನು ಗಮನಿಸಬೇಕು. ಹದಿನಾರು ಗಂಟೆ ನಿಂತವನ ಕಣ್ಣು ಮಂಕಾಗದೆ ಇರುತ್ತದೆಯೆ? ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತಿನ ಮೇಲೆ ಮಿತಿಮೀರಿ ಹೇರಬಾರದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡಬೇಕು ಎಂದು ವಿವರಿಸುತ್ತ ಬಂದಿದ್ದೇವೆ. ಬಾಗಿಲ ಕಾವಲುಗಾರನಿಗೆ ಕೂರಲು ಒಂದು ಕುರ್ಚಿ ಇದೆಯೇ, ಕುಡಿಯಲು ನೀರಿದೆಯೇ, ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವ ನಿಯಮವಿರುವವನಿಗೆ ಹದಿನೈದು ನಿಮಿಷದ ಬಿಡುವು ಸಿಗುತ್ತದೆಯೇ ಎಂದು ಅಂಗಡಿ, ಕಾರ್ಖಾನೆ ನಡೆಸುವ ಶ್ರಾವಕರಲ್ಲಿ ಎಷ್ಟು ಮಂದಿ ವಿಚಾರಿಸಿದ್ದಾರೆ? ಅಂದು ಆ ಬಂದೂಕು ಸಿಡಿದಿದ್ದರೆ ಪಾಪದಲ್ಲಿ ಪಾಳಿಯನ್ನು ಹೆಚ್ಚಿಸಿದವರ ಪಾಲೂ ಇರುತ್ತಿತ್ತು.

ಶಾಸ್ತ್ರಿಗಳು ಅವರಿಗೆ ಹೇಳಿದ್ದು ವರುಣನ ಕಥೆ. ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಬರುವ ಈತ ವೈಶಾಲಿಯ ಶ್ರಾವಕ. ಎರಡು ದಿನದ ಉಪವಾಸದಲ್ಲಿದ್ದಾಗ ರಥಮುಸಲ ಯುದ್ಧಕ್ಕೆ ಹೊರಡುವಂತೆ ಅಪ್ಪಣೆ ಬಂತು. ಉಪವಾಸವನ್ನು ಮೂರು ದಿನಕ್ಕೆ ವಿಸ್ತರಿಸಿ, ತನ್ನನ್ನು ಮೊದಲು ಹೊಡೆದವನನ್ನಲ್ಲದೆ ಬೇರೆ ಯಾರನ್ನೂ ಹೊಡೆಯೆನೆಂದು ನಿಯಮ ಮಾಡಿ ರಥವೇರಿದ. ಎದುರಾಳಿ ಕೆಣಕಿದರೂ ಮೊದಲ ಬಾಣ ಬಿಡಲಿಲ್ಲ. ಬಾಣ ನಾಟಿದ ಮೇಲೆ ತಿರುಗಿ ಹೊಡೆದ, ಎದುರಾಳಿ ಸತ್ತ. ವರುಣ ಅಲ್ಲಿ ವಿಜಯೋತ್ಸಾಹದಿಂದ ನಿಲ್ಲಲಿಲ್ಲ. ರಥವನ್ನು ಏಕಾಂತಕ್ಕೆ ತಿರುಗಿಸಿ, ಹುಲ್ಲು ಹಾಸಿ, ಪೂರ್ವಾಭಿಮುಖವಾಗಿ ಕುಳಿತು, ಆಲೋಚನೆ ಪ್ರತಿಕ್ರಮಣ ಮಾಡಿ ಸಮಾಧಿಮರಣ ಹೊಂದಿದ.

ವರುಣನ ನಿಯಮವನ್ನು ಇಂದಿನ ಕಾವಲುಗಾರರು ಅಕ್ಷರಶಃ ಪಾಲಿಸಲಾರರು. ಅವರ ಬೆನ್ನ ಹಿಂದೆ ಹತ್ತಾರು ಗ್ರಾಹಕರು ಇರುತ್ತಾರೆ, ಮೊದಲ ಪೆಟ್ಟು ಅವರಿಗೇ ಬೀಳಬಹುದು. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡದೆ ರಕ್ಷಿಸಲು ಕಾನೂನು ಕೂಡ ಅವಕಾಶ ಕೊಡುತ್ತದೆ. ಆದರೆ ಹೊರಡುವ ಮೊದಲು ನಿಯಮ, ಬಂದ ಮೇಲೆ ಪ್ರತಿಕ್ರಮಣ, ಇವೆರಡನ್ನು ಯಾರೂ ತಡೆಯುವುದಿಲ್ಲ.

ಆ ಶ್ರಾವಕರು ಅಂದು ಬಸದಿಯಲ್ಲಿಯೇ ಪ್ರತಿಕ್ರಮಣ ಮಾಡಿದರು. ಟಿ.ವಿ.ಯಲ್ಲಿ ಯುದ್ಧದ ಸುದ್ದಿ ನೋಡುವುದನ್ನು ಹದಿನೈದು ದಿನ ಬಿಡುವುದಾಗಿ ನಿಯಮ ಪಡೆದರು. ಪರರ ನಾಶವನ್ನು ಬಯಸುವ ಅಪಧ್ಯಾನವೂ, ಅದನ್ನು ಕೆರಳಿಸುವ ದುಃಶ್ರುತಿಯೂ ಅನರ್ಥದಂಡಗಳೇ ತಾನೆ. ಕೆಲಸವನ್ನು ಮಾತ್ರ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಮೂರು ಬಾರಿ ಣಮೋಕಾರ ಮಂತ್ರ ಜಪಿಸಿ, ತೋಟಾಗಳನ್ನು ಎಣಿಸಿಕೊಂಡು ಬಾಗಿಲಿಗೆ ಬಂದರು. ಶುಲ್ಕದ ರಶೀದಿಗೆ ಮೊಹರು ಹಾಕಿಸಲು ಬಂದ ಆ ಹುಡುಗ ಅವರನ್ನು ಕಂಡು ದೂರದಲ್ಲೇ ನಿಂತ. ಅವರು ಬಂದೂಕಿನ ನಳಿಗೆಯನ್ನು ನೆಲಕ್ಕೆ ತಿರುಗಿಸಿ, “ಬಾ ಮಗು” ಎಂದು ತಾವೇ ಬಾಗಿಲು ತೆರೆದರು.